ಕೂಟಜಾಲತಾಣ ಪರೀಕ್ಷೆ: ತಾಮ್ರಪಟಶಾಸ್ತ್ರದ ಬೆಳಕಿನಲ್ಲಿ ಆನ್‌ಲೈನ್ ಸೀರೆ ಖರೀದಿ

ಜಾಲತಾಣವೊಂದರಲ್ಲಿ ಸೀರೆ ಕೊಳ್ಳುವ ಮುನ್ನ ಆ ತಾಣ ಅಸಲಿಯೋ ನಕಲಿಯೋ ಎಂದು ತೀರ್ಮಾನಿಸುವ ವಿದ್ಯೆಯನ್ನು ತೀರ ಈಚಿನದೆಂದು ಭಾವಿಸುವುದು ವಾಡಿಕೆಯಾಗಿದ್ದರೂ, ಅದರ ಮೂಲತತ್ತ್ವಗಳೆಲ್ಲ ಕನ್ನಡನಾಡಿನ ಶಾಸನಶಾಸ್ತ್ರದಲ್ಲಿ ನೂರು ವರ್ಷಗಳ ಹಿಂದೆಯೇ ಚರ್ಚೆಗೊಂಡಿವೆ ಎಂಬುದು ಈ ಪ್ರಬಂಧದ ಪ್ರತಿಪಾದನೆ. ಅರಸನು ಕೊಡದ ದಾನವನ್ನು ಕೊಟ್ಟನೆಂದು ಸಾಧಿಸಲು ತರುವಾಯದವರು ಕೊರೆಸಿಟ್ಟುಕೊಂಡ ಸುಳ್ಳು ಶಾಸನಕ್ಕೆ ಕೂಟಶಾಸನವೆಂದು ಹೆಸರು. ಗಂಗರ ಹಲವು ತಾಮ್ರಪಟಗಳನ್ನು ಜೆ. ಎಫ್. ಫ್ಲೀಟ್ ಈ ವರ್ಗಕ್ಕೆ ತಳ್ಳಿದಾಗ ಬಿ. ಎಲ್. ರೈಸ್ ಅವುಗಳ ಪರವಾಗಿ ವಾದಿಸಿದ್ದು ವಿದ್ವದ್ವಲಯದಲ್ಲಿ ಪ್ರಸಿದ್ಧವಾಗಿದೆ. ಅದೇ ನ್ಯಾಯದಿಂದ, ಇಲ್ಲದ ಅಂಗಡಿಯ ಹೆಸರಿನಲ್ಲಿ, ಯಾರೂ ನೇಯದ ಸೀರೆಗಾಗಿ, ದಸರೆಯ ಹಿಂದಿನ ವಾರ ಎದ್ದು ನಿಂತ ತಾಣವನ್ನು ಕೂಟಜಾಲತಾಣವೆಂದು ಕರೆಯುವುದು ಯುಕ್ತ. ತಾಮ್ರಪಟದ ವಿಷಯದಲ್ಲಿ ವಿದ್ವಾಂಸರು ವರ್ಷಗಟ್ಟಲೆ ಜಗಳವಾಡಲು ಅವಕಾಶವಿತ್ತು, ಇಲ್ಲಿ ಮಾತ್ರ "ಇನ್ನು ಏಳೇ ನಿಮಿಷ" ಎಂದು ಗಡಿಯಾರವೊಂದು ಹಿಂದಕ್ಕೆ ಓಡುತ್ತಿರುತ್ತದೆ ಎಂಬುದಷ್ಟೇ ವ್ಯತ್ಯಾಸ.

ಮೊದಲು ಮುದ್ರೆಯ ವಿಚಾರ. ತಾಮ್ರದ ಹಲಗೆಗಳನ್ನು ಬಳೆಯೊಂದಕ್ಕೆ ಪೋಣಿಸಿ, ಬಳೆಯ ಕೂಡುಗಡೆಯಲ್ಲಿ ರಾಜಲಾಂಛನವನ್ನು ಒತ್ತುವುದು ಪದ್ಧತಿಯಾಗಿದ್ದು, ಗಂಗರ ಲಾಂಛನ ಆನೆಯಾದರೆ ಜಾಲತಾಣಗಳ ಲಾಂಛನ ಬೀಗ. ವಿಳಾಸದ ಆದಿಯಲ್ಲಿ ಬರುವ 'ಎಚ್‌ಟಿಟಿಪಿಎಸ್' ಎಂಬ ಬೀಜಾಕ್ಷರಗಳ ಕೊನೆಯ 'ಎಸ್', ಕೊಳ್ಳುವವರ ಫೋನಿನಿಂದ ತಾಣದವರೆಗೆ ಸಾಗುವ ಕಾರ್ಡ್ ಸಂಖ್ಯೆ ಮೊದಲಾದವು ನಡುದಾರಿಯಲ್ಲಿ ಯಾರಿಗೂ ಓದಲಾಗದ ಗೂಢಲಿಪಿಯಲ್ಲಿ ಸಾಗುತ್ತವೆಂಬುದನ್ನು ಸೂಚಿಸುತ್ತದೆ. ಇದರಿಂದ ಬೀಗವಿದ್ದಲ್ಲಿ ಭಯವಿಲ್ಲವೆಂಬ ಪಂಥವೊಂದು ಹುಟ್ಟಿಕೊಂಡಿತು. ಆದರೆ ಬೀಗವು ದಾರಿ ಭದ್ರವೆಂದು ಹೇಳುತ್ತದೆಯೇ ಹೊರತು ದಾರಿಯ ತುದಿಯಲ್ಲಿ ಕುಳಿತವನು ಯೋಗ್ಯನೆಂದು ಹೇಳುವುದಿಲ್ಲ; ಕಳ್ಳನ ಮನೆಗೂ ಬೀಗವಿರುತ್ತದೆ, ಬಹುಶಃ ಇತರರ ಮನೆಯದಕ್ಕಿಂತ ಗಟ್ಟಿಯಾದದ್ದೇ. ಬೀಗಕ್ಕೆ ಆಧಾರವಾದ ಪ್ರಮಾಣಪತ್ರವನ್ನು 2015ರಿಂದ 'ಲೆಟ್ಸ್ ಎನ್‌ಕ್ರಿಪ್ಟ್' ಎಂಬ ಸಂಸ್ಥೆ ಯಾರಿಗಾದರೂ ಉಚಿತವಾಗಿ ಕೊಡುತ್ತಿದ್ದು, ಅರ್ಜಿದಾರನ ಕೈಯಲ್ಲಿ ಆ ವಿಳಾಸ ಇದೆಯೇ ಎಂಬುದನ್ನು ಅದು ನೋಡುತ್ತದೆ, ಅವನ ಗೋದಾಮಿನಲ್ಲಿ ಸೀರೆ ಇದೆಯೇ ಎಂಬುದನ್ನಲ್ಲ. ಜನ ಬೀಗವನ್ನು ಕಂಡು ತಾಣವನ್ನೇ ನಂಬುತ್ತಾರೆಂಬುದನ್ನು ಮನಗಂಡು ಗೂಗಲ್ ಕಂಪನಿಯು 2023ರಲ್ಲಿ ತನ್ನ ಕ್ರೋಮ್ ಬ್ರೌಸರಿನಿಂದ ಆ ಚಿಹ್ನೆಯನ್ನೇ ತೆಗೆದುಹಾಕಿತು. ಬೀಗಪ್ರಮಾಣವೆಂಬ ಮಾತಿಗೆ ಶ್ಲೇಷೆಯಿಂದ ಇನ್ನೊಂದರ್ಥವೂ ಉಂಟು: ಮಗಳನ್ನು ಕೊಟ್ಟ ಮನೆಯ ಬೀಗರು ವಾಟ್ಸಾಪಿನಲ್ಲಿ ಕೊಂಡಿ ಕಳಿಸಿ "ಭಾಳ ಚೆನ್ನಾಗಿದೆಯಂತೆ" ಎಂದರೆ ಅದನ್ನು ಆಪ್ತವಾಕ್ಯವೆಂದು ಸ್ವೀಕರಿಸಲೇಬೇಕಾಗುತ್ತದೆ; ಆ 'ಅಂತೆ'ಯ ಮೂಲವನ್ನು ಹುಡುಕಿ ಹೊರಟವರು ಸಂಬಂಧ ಕೆಡಿಸಿಕೊಂಡು ಹಿಂದಿರುಗುತ್ತಾರೆ.

ಇನ್ನು ಪಾಠಪರಿಷ್ಕರಣ. ತತ್ಪುರುಷ ಸಮಾಸದಲ್ಲಿ ಉತ್ತರಪದದ ಅರ್ಥವೇ ಪ್ರಧಾನವೆಂಬುದು, ಎಂದರೆ ಅರಮನೆಯು ಮನೆಯೇ ಹೊರತು ಅರಸನಲ್ಲವೆಂಬುದು, ಶಾಲೆಯಲ್ಲಿ ಓದಿದವರಿಗೆಲ್ಲ ಗೊತ್ತಿದ್ದರೂ ಈ ಸೂತ್ರದ ನಿಜವಾದ ಪ್ರಯೋಜನ ಜಾಲವಿಳಾಸವನ್ನು ಬಿಡಿಸುವಾಗ ತಿಳಿಯುತ್ತದೆ. 'ಮೈಸೂರುಸಿಲ್ಕ್ ಡಾಟ್ ಆಫರ್‌ಮೇಳ ಡಾಟ್ ಶಾಪ್' ಎಂಬ ಕಲ್ಪಿತ ವಿಳಾಸವನ್ನು ತೆಗೆದುಕೊಂಡರೆ, ಎಡದಿಂದ ಓದುವ ಕಣ್ಣು ಮೈಸೂರಿಗೆ ಮಾರುಹೋಗುತ್ತದೆ. ಆದರೆ ಮೊದಲ ಒಂಟಿ ಓರೆಗೆರೆಯ ಬಳಿ ನಿಂತು ಬಲದಿಂದ ಎಡಕ್ಕೆ ಓದಿದರೆ ತಾಣದ ಒಡೆಯ 'ಆಫರ್‌ಮೇಳ ಡಾಟ್ ಶಾಪ್' ಎಂದೂ, ಮೈಸೂರು ಅಲ್ಲಿ ಬರೀ ವಿಶೇಷಣವೆಂದೂ ತಿಳಿಯುತ್ತದೆ. ಕೊನೆಯಲ್ಲಿ 'ಕೋ ಡಾಟ್ ಇನ್' ಇದ್ದರೆ ಇನ್ನೊಂದು ಪದ ಎಡಕ್ಕೆ ಸರಿಯಬೇಕೆಂಬುದು ಅಪವಾದಸೂತ್ರ. ಲಿಪಿಕಾರನ ಕೈಚಳಕವನ್ನೂ ಗಮನಿಸಬೇಕು: ಇಂಗ್ಲಿಷಿನ 'ಆರ್' ಮತ್ತು 'ಎನ್' ಒತ್ತೊತ್ತಾಗಿ ನಿಂತರೆ 'ಎಂ' ಎಂಬ ಭ್ರಾಂತಿ ಹುಟ್ಟುತ್ತದೆ, ರಷ್ಯನ್ ಲಿಪಿಯ 'ಅ'ಕಾರವು ಇಂಗ್ಲಿಷಿನ 'ಎ'ಯ ತದ್ರೂಪವಾಗಿದೆ. ಕನ್ನಡಿಗರು ಇದಕ್ಕೆ ಬೆಚ್ಚಬೇಕಾಗಿಲ್ಲ. ಅನುಸ್ವಾರವನ್ನೂ ಅಂಕಿಯ ಸೊನ್ನೆಯನ್ನೂ ಒಂದೇ ರೂಪದಲ್ಲಿ ಬರೆದು, ಎರಡನ್ನೂ ಸೊನ್ನೆಯೆಂದೇ ಕರೆದು, ಒಂದರ ಬದಲು ಇನ್ನೊಂದನ್ನು ಕುಟ್ಟಿ ಕಂಪ್ಯೂಟರನ್ನು ದಿಕ್ಕೆಡಿಸಿದ ಅನುಭವ ಅವರಿಗಿದೆ.

ವಂಶಾವಳಿಯ ಪರಿಶೀಲನೆಗೆ ತಾಣದ ಅಡಿಭಾಗಕ್ಕಿಳಿಯಬೇಕು. 2020ರ ಗ್ರಾಹಕ ಸಂರಕ್ಷಣಾ ಇ-ವಾಣಿಜ್ಯ ನಿಯಮಗಳ ಪ್ರಕಾರ ತಾಣವು ತನ್ನ ಕಾನೂನುಬದ್ಧ ಹೆಸರು, ವಿಳಾಸ, ಕುಂದುಕೊರತೆ ಅಧಿಕಾರಿಯ ಹೆಸರುಗಳನ್ನು ಪ್ರಕಟಿಸಬೇಕು, ಆ ಅಧಿಕಾರಿಯು ದೂರು ಮುಟ್ಟಿದ್ದನ್ನು 48 ಗಂಟೆಗಳೊಳಗೆ ಒಪ್ಪಿಕೊಳ್ಳಬೇಕು. ಅಲ್ಲೇ ಜಿಎಸ್‌ಟಿ ಸಂಖ್ಯೆಯೆಂಬ ಹದಿನೈದು ಅಕ್ಷರಗಳ ಕಿರುಶಾಸನ ದೊರೆತರೆ ವಿದ್ವಾಂಸರಿಗೆ ಹಬ್ಬ: ಮೊದಲೆರಡು ಅಂಕಿ ರಾಜ್ಯವನ್ನು ಹೇಳುತ್ತವೆ, ಕರ್ನಾಟಕಕ್ಕೆ 29; ಮುಂದಿನ ಹತ್ತು ಒಡೆಯನ ಪ್ಯಾನ್ ಸಂಖ್ಯೆ; ಹದಿನಾಲ್ಕನೆಯದು ಸಾಮಾನ್ಯವಾಗಿ 'ಜೆಡ್' ಎಂಬ ಅಕ್ಷರ, ಛಂದಸ್ಸಿನ ಪಾದಪೂರಣದಂತೆ ಸ್ಥಳ ತುಂಬುವುದಷ್ಟೇ ಅದರ ಕೆಲಸ. "ನಮ್ಮದು ಅಪ್ಪಟ ಮೈಸೂರಿನ ಮಳಿಗೆ" ಎನ್ನುವ ತಾಣದ ಶಾಸನವು 07ರಿಂದ ಆರಂಭವಾದರೆ ಮೈಸೂರು ದೆಹಲಿಗೆ ಯಾವಾಗ ಸೇರಿತೆಂಬ ಸಮಸ್ಯೆ ಏಳುತ್ತದೆ. ಸಂಖ್ಯೆಯನ್ನು ಬೇರೆಯವರಿಂದ ಕದ್ದಿರಲೂಬಹುದಾದ್ದರಿಂದ, ಜಿಎಸ್‌ಟಿಯ ಸರ್ಕಾರಿ ಪೋರ್ಟಲಿನಲ್ಲಿ ಹುಡುಕಿ ಹೆಸರು ತಾಳೆಯಾಗುತ್ತದೆಯೇ ಎಂದು ನೋಡುವುದು ಕ್ರಮ.

ಬೆಲೆಯ ವಿಷಯದಲ್ಲಿ ಹೆಚ್ಚು ಪಾಂಡಿತ್ಯ ಬೇಕಾಗಿಲ್ಲ. 1912ರಿಂದ ಮೈಸೂರಿನ ಕಾರ್ಖಾನೆಯಲ್ಲಿ ನೇಯುತ್ತ ಬಂದಿರುವ ಅಪ್ಪಟ ರೇಷ್ಮೆಯ, ಚಿನ್ನಬೆಳ್ಳಿ ಜರಿಯ ಸೀರೆ ₹999ಕ್ಕೆ ಬರುವುದಾದರೆ, ರೇಷ್ಮೆಹುಳುಗಳು ಸಂಬಳವಿಲ್ಲದೆ ಎರಡು ಪಾಳಿ ದುಡಿದಿವೆಯೆಂದೇ ಊಹಿಸಬೇಕು.

ಶಾಪಾಶಯವೊಂದು ಉಳಿಯಿತು. ದಾನವನ್ನು ಕಸಿದುಕೊಂಡವನಿಗೆ ಇಂಥಿಂಥ ಪಾಪ ತಟ್ಟಲೆಂದು ಶಾಸನದ ಕೊನೆಯಲ್ಲಿ ಬರುವ ಭಾಗಕ್ಕೆ ಈ ಹೆಸರು. ಜಾಲತಾಣದಲ್ಲಿ ಇದನ್ನು 'ನಿಯಮ ಮತ್ತು ಷರತ್ತುಗಳು' ಎನ್ನುತ್ತಾರೆ. ಇಲ್ಲಿ ಶಾಪ ತಟ್ಟುವುದು ಕಸಿದವನಿಗಲ್ಲ, ಕೊಟ್ಟವನಿಗೆ. "ಮಾರಿದ ಮಾಲನ್ನು ಹಿಂಪಡೆಯುವುದಿಲ್ಲ" ಎಂಬುದು ಅದರ ಲಘುರೂಪವಾದರೆ, "ಹಣ ವಾಪಸು ಪಡೆಯಲು ಯುಪಿಐ ಪಿನ್ ಒತ್ತಿ" ಎಂಬುದು ಘೋರರೂಪ. ಪಿನ್ ಬೇಕಾಗುವುದು ಹಣ ಕಳಿಸಲು, ಪಡೆಯಲು ಅಲ್ಲ. ಒತ್ತಿಯಾದ ಮೇಲೆ ಒತ್ತಬೇಕಾದದ್ದು, ಅದೂ ತಡಮಾಡದೆ, ಸೈಬರ್ ವಂಚನೆಯ ಸಹಾಯವಾಣಿ 1930.

ಮನೆಬಾಗಿಲಲ್ಲಿ ಹಣ ಕೊಡುವ ಕ್ಯಾಶ್ ಆನ್ ಡೆಲಿವರಿ ಪದ್ಧತಿಯಿದ್ದರೆ ಮೇಲಿನ ಪರೀಕ್ಷೆಗಳೆಲ್ಲ ಅನಾವಶ್ಯಕವೆಂಬ ಪಕ್ಷವೂ ಇದೆ. ಆದರೆ ಹಣವನ್ನು ಎಣಿಸಿಕೊಂಡು ಹುಡುಗನು ಬೈಕಿನಲ್ಲಿ ಕಣ್ಮರೆಯಾದ ಬಳಿಕ ತೆರೆದ ಪೆಟ್ಟಿಗೆಯಲ್ಲಿ ಸೀರೆಯ ಬದಲು ಕಲ್ಲು ದೊರೆತ ನಿದರ್ಶನಗಳಿವೆ. ಅಂಥ ಕಲ್ಲನ್ನು ಶಿಲಾಶಾಸನಗಳ ವರ್ಗಕ್ಕೆ ಸೇರಿಸಬೇಕೆಂಬ ಸಲಹೆಯನ್ನು ಒಪ್ಪಲಾಗದು, ಏಕೆಂದರೆ ಅದರ ಮೇಲೆ ಒಂದಕ್ಷರವೂ ಇರುವುದಿಲ್ಲ.