ಮಲಗಿದ ಹಿಮಾಲಯನ್

ಅಡ್ವೆಂಚರ್ ಬೈಕು ಕೊಳ್ಳಲು ಹೋದವರು ಶೋರೂಮಿನಲ್ಲಿ ಮೈಲೇಜು ಕೇಳುತ್ತಾರೆ, ಪಿಕಪ್ ಕೇಳುತ್ತಾರೆ. ‘ಬಿದ್ದರೆ ಎತ್ತೋದು ಹೇಗೆ?’ ಎಂದು ಮಾತ್ರ ಯಾರೂ ಕೇಳುವುದಿಲ್ಲ. ತೂಕ ಅಲ್ಲಿ ಹೊಗಳಿಕೆಯ ವಿಷಯ. ಭಾರ ಇದ್ದರೇನೇ ಗಾಡಿ ರೋಡು ಕಚ್ಚಿಕೊಂಡು ಹೋಗೋದು ಎನ್ನುತ್ತೇವೆ. ಸರಿ, ರೋಡಿದ್ದಲ್ಲಿ. ಕಳಸದ ಕಡೆ ಮಳೆಗಾಲದ ಕೆಂಪು ಕೆಸರಿನಲ್ಲಿ ಅದೇ ಭಾರ ಪಕ್ಷಾಂತರ ಮಾಡುತ್ತದೆ.

ನನ್ನದು ಹಿಮಾಲಯನ್ 450. ಕಂಪನಿ ಲೆಕ್ಕದಲ್ಲಿ 196 ಕಿಲೋ. ಟೆಂಟು, ಸ್ಯಾಡಲ್ ಬ್ಯಾಗು, ಮನೆಯವರು ತುರುಕಿದ ಚಕ್ಕುಲಿ ಡಬ್ಬ ಆ ಲೆಕ್ಕಕ್ಕೆ ಸೇರಿಲ್ಲ. ಹೀರೋ ಎಕ್ಸ್‌ಪಲ್ಸ್ ಇಟ್ಟುಕೊಂಡ ಗೆಳೆಯನದು 160ರ ಒಳಗೆ. ಅವನು ಬಿದ್ದರೂ ಶಿಳ್ಳೆ ಹಾಕುತ್ತಾ ಏಳುತ್ತಾನೆ. ಬಿಎಂಡಬ್ಲ್ಯೂ ಆರ್ 1250 ಜಿಎಸ್ 249 ಕಿಲೋ. ಆದರೆ ಅದರ ಸಿಲಿಂಡರುಗಳು ಎರಡೂ ಪಕ್ಕಕ್ಕೆ ಚಾಚಿರುವುದರಿಂದ ಪೂರ್ತಿ ಮಲಗುವುದಿಲ್ಲ, ಮೊಣಕೈ ಊರಿ ಒರಗುತ್ತದೆ. ಉಳ್ಳವರ ಬೀಳುವಿಕೆಗೂ ಒಂದು ಗತ್ತು.

ಸಮಾಧಾನದ ಸಂಗತಿಯೆಂದರೆ, 196 ಕಿಲೋವನ್ನೂ ನಾವೇ ಎತ್ತಬೇಕಿಲ್ಲ. ಟೈರುಗಳು ನೆಲ ಬಿಡುವುದಿಲ್ಲವಲ್ಲ, ಒಂದು ಪಾಲನ್ನು ಭೂಮಿತಾಯಿಯೇ ಹೊರುತ್ತಾಳೆ. ಶುರುವಿನ ಒಂದು ಗೇಣು ಮಾತ್ರ ಪ್ರಾಣಸಂಕಟ. ಮೇಲೇಳುತ್ತಾ ಹೋದಂತೆ ಹಗುರ. ಎದುರು ನಿಂತು ಹ್ಯಾಂಡಲ್ ಜಗ್ಗಿದವರ ಸೊಂಟ ಆ ಗೇಣಿನಲ್ಲೇ ಹೋಗುವುದು. ಬೈಕಿಗೆ ಬೆನ್ನು ತಿರುಗಿಸಿ ಕುಕ್ಕರಗಾಲಲ್ಲಿ ಕೂತು, ಕುಂಡೆಯನ್ನು ಸೀಟಿಗೆ ಒತ್ತಿ, ಒಂದು ಕೈಯಲ್ಲಿ ಪೂರ್ತಿ ತಿರುಗಿಸಿದ ಹ್ಯಾಂಡಲ್, ಇನ್ನೊಂದರಲ್ಲಿ ಹಿಂದಿನ ಕಂಬಿ ಹಿಡಿದು, ಪುಟ್ಟ ಪುಟ್ಟ ಹೆಜ್ಜೆಯಲ್ಲಿ ಹಿಂದಕ್ಕೆ ನಡೆಯಬೇಕು. ಕೆಲಸವೆಲ್ಲ ತೊಡೆಯದು. ಉರುಳದಿರಲಿ ಎಂದು ಮೊದಲೇ ಗೇರಿಗೆ ಹಾಕಿರಬೇಕು. ಬಲಕ್ಕೆ ಬಿದ್ದಿದ್ದರೆ ಸೈಡ್ ಸ್ಟ್ಯಾಂಡನ್ನೂ ಬಿಚ್ಚಿಟ್ಟಿರಬೇಕು. ಇಲ್ಲದಿದ್ದರೆ ಎದ್ದ ಖುಷಿಯಲ್ಲಿ ಗಾಡಿ ಆಚೆ ಮಗ್ಗುಲಿಗೆ ಮಲಗುತ್ತದೆ.

ಇಳಿಜಾರಿನಲ್ಲಿ ಚಕ್ರ ಮೇಲೆ, ಹ್ಯಾಂಡಲ್ ಕೆಳಗೆ ಆಗಿ ಬಿದ್ದರೆ ಈ ವಿದ್ಯೆ ನಡೆಯುವುದಿಲ್ಲ. ಚಕ್ರ ತಗ್ಗಿಗೆ ಬರುವ ತನಕ ಗಾಡಿಯನ್ನು ಸುತ್ತ ಎಳೆಯಬೇಕು. ಅದಕ್ಕೂ ಮುಂಚೆ ಲಗೇಜು ಬಿಚ್ಚಬೇಕು. ಬಿಚ್ಚುವಾಗ ಗೊತ್ತಾಗುತ್ತದೆ, ಮೂರು ಜೊತೆ ಜೀನ್ಸ್ ಯಾರಿಗಾಗಿ ಹೊತ್ತು ತಂದೆವೆಂದು.

ಇಷ್ಟೆಲ್ಲ ಒಬ್ಬಂಟಿಯಾಗಿ ಮಾಡುವ ಅವಕಾಶ ನಮ್ಮಲ್ಲಿ ಸಿಗುವುದು ಅಪರೂಪ. ಕಳಸದ ಕೆಸರಿನಲ್ಲಿ ನನ್ನ ಗಾಡಿ ಮಲಗಿದಾಗ, ಸುತ್ತ ನರಪಿಳ್ಳೆಯಿಲ್ಲ ಅಂದುಕೊಂಡು ಇನ್ನೇನು ಕೂರಬೇಕು, ಅಡಿಕೆ ತೋಟದಿಂದ ಮೂವರು ಇಳಿದರು. ‘ನೀವು ಆಚೆ ನಿಲ್ಲಿ ಸಾರ್’ ಎಂದರು. ಒಬ್ಬ ಕನ್ನಡಿ ಹಿಡಿದ, ಇನ್ನೊಬ್ಬ ಸೈಲೆನ್ಸರ್ ಮುಟ್ಟಿ ‘ಅಯ್ಯಪ್ಪಾ’ ಎಂದು ಬಿಟ್ಟ, ಮೂರನೆಯವನು ಹಿಂದಿನ ಇಂಡಿಕೇಟರ್. ಹುಪ್ಪಾ ಎಂದರು. ಗಾಡಿ ಎದ್ದಿತು, ಇಂಡಿಕೇಟರ್ ಅವನ ಕೈಯಲ್ಲಿ ಉಳಿಯಿತು. ಈ ಬೈಕಿನಲ್ಲಿ ಬ್ರೇಕ್ ಲೈಟೂ ಅದರೊಳಗೇ ಇರುವುದು.

ಅವನು ಅದನ್ನು ಲುಂಗಿಯಂಚಿನಿಂದ ಚೆನ್ನಾಗಿ ಒರೆಸಿ ಕೊಟ್ಟ. ಮೂವರಿಗೂ ಚಕ್ಕುಲಿ ಕೊಟ್ಟೆ.