ಡೈನಮೋ ಪುರಾಣ

ಎಂಜಿನ್ನಿನ ಬೆಲ್ಟಿನಿಂದ ತಿರುಗಿ ವಿದ್ಯುತ್ತು ಹುಟ್ಟಿಸುವ ಆಲ್ಟರ್ನೇಟರ್‌ಗೆ ಗ್ಯಾರೇಜಿನ ಮಾತಿನಲ್ಲಿ ಇಂದಿಗೂ ಡೈನಮೋ ಎಂಬ ಹಳೆಯ ಹೆಸರೇ ಚಾಲ್ತಿಯಲ್ಲಿದ್ದು, ಅಂಥದೊಂದು ವಸ್ತು ತನ್ನ ಕಾರಿನಲ್ಲಿದೆ ಎಂಬುದು ಯಜಮಾನನಿಗೆ ತಿಳಿಯುವುದು ಅದು ಕೆಟ್ಟ ದಿನವೇ. ಸಾಮಾನ್ಯವಾಗಿ ಲಕ್ಷ ಕಿಲೋಮೀಟರು ದಾಟಿಯೂ ದುಡಿಯುವ ಈ ಮೂಕಪ್ರಾಣಿಯೊಳಗೆ, ತಿರುಗುವ ಸುರುಳಿಗೆ ಕರೆಂಟು ಮುಟ್ಟಿಸುತ್ತ ಬಳಪದಂತೆ ಸವೆಯುವ ಕಾರ್ಬನ್ ಬ್ರಶ್ಶುಗಳೂ, ಹಿಂದುಮುಂದಾಗಿ ಹರಿಯುವ ವಿದ್ಯುತ್ತನ್ನು ಒಂದೇ ದಿಕ್ಕಿಗೆ ಹಚ್ಚುವ ಡಯೋಡುಗಳೂ, ವೋಲ್ಟೇಜು 14ರ ಆಸುಪಾಸಿನಲ್ಲೇ ಇರುವಂತೆ ಕಾಯುವ ರೆಗ್ಯುಲೇಟರೂ ಇರುತ್ತವೆ. ವಿಜಯಪುರದ ಬೇಸಿಗೆಯಲ್ಲಿ ಹೊರಗೇ 40 ಡಿಗ್ರಿ ದಾಟುವಾಗ ಬಾನೆಟ್ಟಿನಡಿ ಡಯೋಡುಗಳು ಬೇಯುವುದು ಸಹಜ. ಟಿಕೋಟಾದ ದ್ರಾಕ್ಷಿ ತೋಟಗಳ ಹಾದಿಯ ಧೂಳು, ಅಚ್ಚನ್ನು ಹೊತ್ತ ಉಕ್ಕಿನ ಗುಂಡುಗಳ ಬಳೆಯಾದ ಬೇರಿಂಗಿನೊಳಗೆ ಹೊಕ್ಕರಂತೂ ಹೊರಡುವ ಕಿರುಚಾಟಕ್ಕೆ ಗೋಳಗುಮ್ಮಟದ ಪ್ರತಿಧ್ವನಿಯ ನೆರವೇ ಬೇಡ, ಯಜಮಾನ ಹಾಡಿನ ದನಿಯನ್ನು ಮಾತ್ರ ಏರಿಸುತ್ತಾನೆ.

ಬಬಲೇಶ್ವರದಿಂದ ರಾತ್ರಿ ಮರಳುವಾಗ ಮುಂದಿನ ಫಲಕದಲ್ಲಿ ಬ್ಯಾಟರಿಯ ಕೆಂಪು ಗುರುತು ಹೊತ್ತಿಕೊಂಡರೆ, ಅದನ್ನು ಕಾರಿನೊಳಗಿನ ಪುಟ್ಟ ಗಣಪನ ನಂದಾದೀಪವೆಂದು ಭಾವಿಸಿ ಮುನ್ನಡೆಯುವ ಇಂಥವನ ಹೆಡ್‌ಲೈಟು ಮೊದಲು ಹುಣ್ಣಿಮೆಯಂತೆ, ಆಮೇಲೆ ಬಿದಿಗೆಯಂತೆ, ಕೊನೆಗೆ ಅಮಾವಾಸ್ಯೆಯಂತೆ ಆಗಿ, ಹಾರ್ನು ನೆಗಡಿ ಬಂದ ಕುರಿಯ ದನಿ ತಾಳುತ್ತದೆ. ಮರುದಿನ ಆತ ಕೊಳ್ಳುವುದು ಹೊಸ ಬ್ಯಾಟರಿಯನ್ನು, ಚಾರ್ಜು ತುಂಬುವವರಿಲ್ಲದೆ ಅದೂ ಸಂಜೆಯೊಳಗೆ ಕಣ್ಣು ಮುಚ್ಚಿದಾಗ, ಎಂಜಿನ್ ಓಡುತ್ತಿದ್ದರೂ ಮೀಟರಿನ ಮುಳ್ಳು 12ರ ಕೆಳಗೇ ಮಲಗಿರುವುದನ್ನು ತೋರಿಸುತ್ತ ಮಿಸ್ತ್ರಿ ವಿನಯದಿಂದಲೇ ವಿಚಾರಿಸುತ್ತಾನೆ: "ಬಾವಿ ಬತ್ತಿದ್ರ ಹೊಸಾ ಕೊಡಾ ತಂದು ಏನ್ ಮಾಡ್ತೀರಿ, ಸಾಹೇಬ್ರ?"