ಗೋದಲಿಯಲ್ಲೊಂದು ಡೈನೋಸಾರ್

ಡಿಸೆಂಬರ್ ಕಾಲಿಟ್ಟಿತೆಂದರೆ ಮಂಗಳೂರು ಕಡೆಯ ಕ್ರೈಸ್ತ ಮನೆಗಳಲ್ಲಿ ಅಪ್ಪ-ಅಮ್ಮಂದಿರು ಮದುವೆ ಕಾಂಟ್ರಾಕ್ಟರುಗಳಾಗಿಬಿಡುತ್ತಾರೆ. ಅಂಗಳದ ನಕ್ಷತ್ರ ಎದುರುಮನೆಯದಕ್ಕಿಂತ ಒಂದಡಿ ದೊಡ್ಡದಿರಬೇಕು, ಕೇಕಿಗೆ ಮುಂಗಡ ಹೋಗಬೇಕು, ಉಡುಗೊರೆಯ ಪೊಟ್ಟಣಗಳು ಕಪಾಟಿನ ತುದಿಗೇರಬೇಕು. ಇಷ್ಟೆಲ್ಲ ಯಾರಿಗಾಗಿ ಎಂದರೆ ಮಕ್ಕಳಿಗಾಗಿ. ಆ ಮಕ್ಕಳಿಗೆ ಹಬ್ಬದುದ್ದಕ್ಕೂ ಸಿಗುವ ಅಪ್ಪಣೆ ಮಾತ್ರ ಒಂದೇ: ‘ಮುಟ್ಟಬೇಡ!’ ಸ್ವಂತ ಮನೆಯಲ್ಲೇ ಅವರನ್ನು ನೆಂಟರನ್ನಾಗಿ ಕೂರಿಸಿ, ಆಮೇಲೆ ‘ಇವಕ್ಕೆ ಎಷ್ಟು ಮಾಡಿದರೂ ಬೇಜಾರು’ ಎಂದು ಗೊಣಗುವುದು ನ್ಯಾಯವಲ್ಲ. ಕ್ರಿಸ್‌ಮಸ್ ಮಕ್ಕಳಿಗೆ ವಿಶೇಷವಾಗಬೇಕಾದರೆ ಅವರಿಗಾಗಿ ಮಾಡುವುದನ್ನು ಕಡಿಮೆ ಮಾಡಿ, ಅವರಿಂದ ಮಾಡಿಸುವುದನ್ನು ಹೆಚ್ಚಿಸಬೇಕು ಎಂಬುದು ನನ್ನ ವಾದ.

ಕುಸ್ವಾರ್ ಎಂಬ ಕ್ರಿಸ್‌ಮಸ್ ತಿಂಡಿಗಳ ತಟ್ಟೆಯೇ ಇದಕ್ಕೆ ಸಾಕ್ಷಿ. ನೆವ್ರಿ, ಗುಳಿಯೊ, ತುಕ್ಡಿ, ಚಕ್ಕುಲಿಗಳ ನಡುವೆ ಕಿಡಿಯೊ ಎಂಬುದೊಂದಿದೆಯಲ್ಲ, ಅದನ್ನು ಕಂಡುಹಿಡಿದವರು ಮಕ್ಕಳ ಸ್ವಭಾವ ಬಲ್ಲವರೇ ಇರಬೇಕು. ಮೈದಾ ಹಿಟ್ಟಿನ ಪುಟ್ಟ ಉಂಡೆಯನ್ನು ಫೋರ್ಕಿನ ಬೆನ್ನಿಗೋ ಹೊಸ ಬಾಚಣಿಗೆಗೋ ಒತ್ತಿ, ಸುರುಳಿ ಸುತ್ತಿ ತೆಗೆಯುವ ಈ ಕೆಲಸ ದೊಡ್ಡವರಿಗೆ ಬೆನ್ನುನೋವು, ಮಕ್ಕಳಿಗೆ ಆಟ. ಒಬ್ಬಳೇ ತಾಯಿ ಕೂತು ಡಬ್ಬಿ ತುಂಬುವಷ್ಟು ಸುತ್ತಹೊರಟರೆ ಈಸ್ಟರ್ ಬಂದೀತು. ಆ ತಟ್ಟೆ ಹಿಡಿದು ನೆರೆಯ ಹಿಂದೂ, ಮುಸ್ಲಿಂ ಮನೆಗಳಿಗೆ ಹೋಗುವ ಮಗು, ಇರುವುದರಲ್ಲೇ ಅತ್ಯಂತ ಸೊಟ್ಟಗಿರುವ ಕಿಡಿಯೊವನ್ನು ತೋರಿಸಿ ‘ಇದು ನಂದು’ ಎನ್ನುತ್ತದೆ. ಅಂಗಡಿಯ ಕೇಕು ತೋರಿಸಿ ಯಾವ ಮಗುವೂ ಹಾಗೆ ಎನ್ನಲಾರದು. ಗೋದಲಿಯ ಮಾತೂ ಅಷ್ಟೆ. ಅಸಿಸಿಯ ಸಂತ ಫ್ರಾನ್ಸಿಸ್ 1223ರಲ್ಲಿ ಇಟಲಿಯ ಗ್ರೆಚ್ಚೊದಲ್ಲಿ ಯೇಸುವಿನ ಜನನದ ದೃಶ್ಯ ಕಟ್ಟಿದಾಗ ತರಿಸಿದ್ದು ಹುಲ್ಲು, ಒಂದು ಎತ್ತು, ಒಂದು ಕತ್ತೆ. ಸೀರಿಯಲ್ ಸೆಟ್ ಇರಲಿಲ್ಲ. ಊರವರೇ ಪಂಜು ಹಿಡಿದು ಬಂದರು. ಈಗಲೂ ತಟ್ಟೆಯಲ್ಲಿ ರಾಗಿಯನ್ನೋ ಭತ್ತವನ್ನೋ ಮೊಳಕೆ ಬರಿಸಿ ಗೋದಲಿಗೆ ಗದ್ದೆ ಮಾಡುವ ಮನೆಗಳಿವೆ. ನೀರು ಹಾಕುವ ಅಧಿಕಾರ ಮಗುವಿಗಿರಲಿ. ಕುರಿಗಳ ನಡುವೆ ಪ್ಲಾಸ್ಟಿಕ್ ಡೈನೋಸಾರ್ ಬಂದು ನಿಂತರೆ ಎತ್ತಿ ಬಿಸಾಡಬೇಡಿ. ಮತ್ತಾಯನಾಗಲಿ ಲೂಕನಾಗಲಿ ಯೇಸುವಿನ ಜನನದ ಕಥೆಯಲ್ಲಿ ಎತ್ತು-ಕತ್ತೆಗಳ ಹೆಸರನ್ನೇ ತೆಗೆದಿಲ್ಲ. ದಾಖಲೆ ಕೇಳುವುದಾದರೆ ಮೂವರದೂ ಒಂದೇ ಗತಿ.

ಇಬ್ಬರೂ ದುಡಿಯುವ ಮನೆಯಲ್ಲಿ ಇದಕ್ಕೆಲ್ಲ ಪುರುಸೊತ್ತು ಎಲ್ಲಿ, ಬೇಕರಿಯಲ್ಲಿ ಕುಸ್ವಾರ್ ಪ್ಯಾಕೆಟ್ಟೇ ಸಿಗುತ್ತದಲ್ಲ ಎನ್ನಬಹುದು. ಧಾರಾಳವಾಗಿ ಕೊಳ್ಳಿ, ಹಬ್ಬಕ್ಕಾಗಿ ಸೊಂಟ ಮುರಿದುಕೊಳ್ಳಬೇಕೆಂದು ಯಾವ ಪಾದ್ರಿಯೂ ಹೇಳುವುದಿಲ್ಲ. ಉಳಿದೆಲ್ಲ ಅಂಗಡಿಯಿಂದ ಬರಲಿ, ಒಂದೇ ಒಂದು ತಿಂಡಿ ಮನೆಯದಾಗಿರಲಿ. ಮಕ್ಕಳು ಕೈಹಾಕಿದರೆ ಕೆಲಸ ಎರಡರಷ್ಟಾಗುತ್ತದೆ ಎಂಬ ದೂರೂ ಸತ್ಯವೇ. ಮೈದಾ ನೆಲಕ್ಕೆ, ಕೂದಲಿಗೆ, ಕೊನೆಗೆ ಬೆಕ್ಕಿಗೂ ಹತ್ತುತ್ತದೆ. ಎಣ್ಣೆ ಬಾಣಲೆಯನ್ನು ದೊಡ್ಡವರು ಇಟ್ಟುಕೊಂಡು ಉಳಿದ ಗಲೀಜನ್ನು ಒಪ್ಪಿಕೊಳ್ಳುವುದೇ ಜಾಣತನ. ಮಗುವಿನ ಪಾಲಿಗೆ ಆ ಗಲೀಜೂ ಹಬ್ಬದ ಸಾಮಗ್ರಿಯೇ. ಇನ್ನು ಸಾಂತಾಕ್ಲಾಸ್ ಇಲ್ಲದೆ ಮಕ್ಕಳು ಒಪ್ಪುವುದಿಲ್ಲ ಎನ್ನುವವರಿಗೆ, ಅವನನ್ನು ಓಡಿಸಿ ಎಂದು ಯಾರೂ ಹೇಳುತ್ತಿಲ್ಲ. 1931ರಿಂದ ಹ್ಯಾಡನ್ ಸಂಡ್‌ಬ್ಲಮ್ ಕೋಕಾ-ಕೋಲಾ ಜಾಹೀರಾತಿಗೆ ಬರೆದ ಚಿತ್ರಗಳಲ್ಲಿ ಮೈತುಂಬಿಕೊಂಡ ಆ ಮುದುಕನಿಗೆ ಕೊಡುವುದೊಂದೇ ಗೊತ್ತು, ಕೊಡಲು ಕಲಿಸುವುದು ಗೊತ್ತಿಲ್ಲ. ಅವನಿಗೆ ಒಂದು ಉಡುಗೊರೆ ತರುವ ಗುತ್ತಿಗೆಯನ್ನಷ್ಟೇ ಒಪ್ಪಿಸಿ, ಅಜ್ಜಿಗೆ ಏನು ಕೊಡಬೇಕೆಂಬ ಚಿಂತೆಯನ್ನು ಮಗುವಿಗೇ ಬಿಡಿ. ಅಜ್ಜಿಗೆ ಅರ್ಧ ಸವೆದ ಬಣ್ಣದ ಪೆನ್ಸಿಲ್ ಸಿಕ್ಕೀತು. ಅಜ್ಜಿಯಂದಿರ ತಕರಾರೇನೂ ಇರುವುದಿಲ್ಲ. ಈ ಸಲದ ಖರೀದಿ ಪಟ್ಟಿಯಿಂದ ಎರಡು ಸಾಮಾನು ಹೊಡೆದುಹಾಕಿ, ಒಂದು ಬಾಚಣಿಗೆ ಸೇರಿಸಿ. ದಯವಿಟ್ಟು ಹೊಸದನ್ನೇ ಕೊಳ್ಳಿ.